ತುತ್ತೂರಿಗೂ ನಾಲಿಗೆಯುಂಟು

ರಾತ್ರಿ ಬಸ್ಸು ತುಮಕೂರು ದಾಟಿ ಗುಬ್ಬಿಯ ಕಡೆ ಹೊರಳಿತ್ತು. ನಿದ್ದೆ ಬಾರದೆ ಫೋನಿನಲ್ಲಿ ಹಾಡು ಕೇಳುತ್ತ ಕೂತಿದ್ದೆ. ಬಸ್ಸು ಒಂದು ಹಂಪಿನ ಮೇಲೆ ಎಗರಿದ್ದೇ ಇಯರ್‌ಫೋನಿನ ಪಿನ್ನು ಕಳಚಿ ಹಾಡು ಹೊರಗೆ ಚೆಲ್ಲಿತು. ಗಾಬರಿಯಿಂದ ಆರಿಸಲು ಹೋದರೆ ಪಕ್ಕದ ಸೀಟಿನ ಹಿರಿಯರು, ತಿಪಟೂರಿನ ಕೊಬ್ಬರಿ ವ್ಯಾಪಾರಿ, ಕೈ ಅಡ್ಡ ಹಿಡಿದು “ಇರ್ಲಿ ಬಿಡಿ” ಎಂದರು. ಒಂದಷ್ಟು ಹೊತ್ತು ಕಿವಿಗೊಟ್ಟು, “ಇದ್ಯಾವ ಭಾಷೆ ಸಾರ್? ತುಳೂನೂ ಅಲ್ಲ, ಕೊಂಕಣೀನೂ ಅಲ್ಲ” ಎಂದರು. ಯಾವ ಭಾಷೆಯೂ ಅಲ್ಲ ಎಂದೆ. “ಹಂಗಾದ್ರೆ ಏನ್ ಹೇಳ್ತಾವ್ನೆ?” ಏನನ್ನೂ ಹೇಳುತ್ತಿಲ್ಲ ಎಂದೆ. ಅವರು ನಂಬಲಿಲ್ಲ. ಇನ್ನೊಮ್ಮೆ ಹಾಕಿಸಿಕೊಂಡರು. ನಡುವೆ ಒಂದು ಕಡೆ ಫಕ್ಕನೆ ನಕ್ಕೂಬಿಟ್ಟರು. “ಯಾರ ಹತ್ರಾನೋ ಕೈಸಾಲ ಕೇಳ್ತಾವ್ನೆ ನೋಡಿ. ಆ ಮನುಷ್ಯ ಕೊಡೋ ಹಂಗೂ ಕಾಣ್ಸಲ್ಲ” ಎಂದು ತೀರ್ಪು ಕೊಟ್ಟು ಮಗ್ಗುಲಾದರು.

ಆ ಹಾಡಿನ ಹೆಸರು ‘ಮಂಬಲ್ಸ್’. ಕನ್ನಡದಲ್ಲಿ ‘ಗೊಣಗಾಟ’ ಅನ್ನಬಹುದು. ಕೊಬ್ಬರಿ ವ್ಯಾಪಾರಿಯ ಊಹೆ ನಿಜಕ್ಕೆ ತೀರಾ ದೂರವೇನೂ ಇರಲಿಲ್ಲ. 1964ರಲ್ಲಿ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ತನ್ನ ತ್ರಯದ ಜೊತೆಗೆ ಒಬ್ಬ ಅತಿಥಿಯನ್ನು ಸೇರಿಸಿಕೊಂಡು ಒಂದು ಧ್ವನಿಮುದ್ರಿಕೆ ಮಾಡಿದ. ಅತಿಥಿ ತುತ್ತೂರಿಗಾರ ಕ್ಲಾರ್ಕ್ ಟೆರಿ. ತನ್ನ ಊರು ಸೇಂಟ್ ಲೂಯಿಸ್‌ನ ಅಗ್ಗದ ಹೆಂಡದಂಗಡಿಗಳಲ್ಲಿ ಇನ್ನೊಂದು ಲೋಟದ ಆಸೆಗೆ ಬ್ಲೂಸ್ ಹಾಡುತ್ತಿದ್ದ ಮುದುಕರನ್ನು ಟೆರಿ ಹುಡುಗನಾಗಿದ್ದಾಗ ಕೇಳಿದ್ದ. ಅವರಿಗೆ ಪದ ಮರೆತಿರುತ್ತಿತ್ತು, ಹಲ್ಲು ಬಿದ್ದಿರುತ್ತಿತ್ತು, ಅಮಲು ಏರಿರುತ್ತಿತ್ತು. ಆದರೆ ಲಯ ಮಾತ್ರ ಒಂದೆಳೆಯೂ ತಪ್ಪುತ್ತಿರಲಿಲ್ಲ. ಆ ಮುದುಕರನ್ನು ಅಣಕಿಸುತ್ತ ಟೆರಿ ತಮಾಷೆಗೆ ಹಾಡಿದ್ದನ್ನು ಪೀಟರ್ಸನ್ ಬಿಡಲೊಲ್ಲದೆ ಮುದ್ರಿಕೆಗೇ ಸೇರಿಸಿದ. ಕಡೆಗೆ ಆ ಮುದ್ರಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಅದೇ. ಜೀವಮಾನವೆಲ್ಲ ತುತ್ತೂರಿ ಊದಿದವನಿಗೆ ಬೀದಿಬೀದಿಯಲ್ಲಿ ಹೆಸರು ತಂದುಕೊಟ್ಟದ್ದು ಬರಿಯ ಬಾಯಿ.

ಇದು ಆಕಸ್ಮಿಕ ಎಂದು ನಾನು ಬಹಳ ದಿನ ತಿಳಿದಿದ್ದೆ. ಟೆರಿಯನ್ನು ಕೇಳುತ್ತ ಕೇಳುತ್ತ ಆ ಅಭಿಪ್ರಾಯ ಬಿಟ್ಟೆ. ಅವನ ತುತ್ತೂರಿಯ ಗುಟ್ಟೆಲ್ಲ ಇದ್ದದ್ದು ನಾಲಿಗೆಯಲ್ಲಿ.

ಜಾಝ್ ಅಂದಕೂಡಲೇ ನಮ್ಮಲ್ಲಿ ಹಲವರ ಕಣ್ಣಿಗೆ ಕಟ್ಟುವುದು ಮಂದ ದೀಪ, ಸಿಗರೇಟಿನ ಹೊಗೆ, ತಲೆ ತಗ್ಗಿಸಿ ನಿಂತ ಒಬ್ಬ ದುಃಖಿ. ಮೈಲ್ಸ್ ಡೇವಿಸ್, ಚೆಟ್ ಬೇಕರ್ ಇಂಥವರ ಭಾವಚಿತ್ರಗಳು ಈ ಚಿತ್ರವನ್ನು ಗಟ್ಟಿ ಮಾಡಿವೆ. ನೋವು ಇದ್ದರೆ ಮಾತ್ರ ಆಳ, ನಗು ಬಂದರೆ ಅದು ಮನರಂಜನೆ ಎಂಬ ತಕ್ಕಡಿ ವಿಮರ್ಶಕರ ಕೈಯಲ್ಲೂ ಇದೆ. ಟೆರಿ ಈ ತಕ್ಕಡಿಯಲ್ಲಿ ಯಾವಾಗಲೂ ಸ್ವಲ್ಪ ಹಗುರವಾಗಿ ತೂಗಿದ. ಭರತ ಎಂಟು ರಸಗಳನ್ನು ಎಣಿಸುವಾಗ ಶೃಂಗಾರದ ಮಗ್ಗುಲಲ್ಲೇ ಹಾಸ್ಯವನ್ನು ಕೂರಿಸಿದ. ಕರುಣ ಬಂದದ್ದು ಆಮೇಲೆ. ನನ್ನ ಲೆಕ್ಕದಲ್ಲಿ ಟೆರಿ ಹಾಸ್ಯರಸದ ಬಹುದೊಡ್ಡ ವಾದಕ. ಅವನ ನಗು ಸುಲಭಕ್ಕೆ ಬಂದದ್ದೂ ಅಲ್ಲ.

ಹುಟ್ಟಿದ್ದು 1920ರ ಡಿಸೆಂಬರ್ 14ರಂದು, ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ. ಹನ್ನೊಂದು ಮಕ್ಕಳಲ್ಲಿ ಏಳನೆಯವನು. ತಾಯಿ ಬೇಗ ತೀರಿಕೊಂಡಳು. ಮನೆಯಲ್ಲಿ ಬಡತನ. ಡ್ಯೂಕ್ ಎಲಿಂಗ್ಟನ್‌ನ ವಾದ್ಯಮೇಳವನ್ನು ಕೇಳಿದ ಹುಡುಗನಿಗೆ ತುತ್ತೂರಿಯ ಹುಚ್ಚು ಹತ್ತಿತು, ಕೊಳ್ಳಲು ಕಾಸಿಲ್ಲ. ಹತ್ತು ವರ್ಷದ ಪೋರ ಕಸದಿಂದ ಹಳೆಯ ನೀರಿನ ರಬ್ಬರ್ ಪೈಪೊಂದನ್ನು ತಂದು ತುತ್ತೂರಿಯ ಹಾಗೆ ಸುರುಳಿ ಸುತ್ತಿ ತಂತಿ ಬಿಗಿದ. ಒಂದು ತುದಿಗೆ ಸೀಮೆಎಣ್ಣೆಯ ಆಲಿಕೆ, ಇನ್ನೊಂದು ತುದಿಗೆ ಸೀಸದ ಕೊಳವೆಯ ತುಂಡು. ಊದಿದರೆ ಸದ್ದು ಬಂತು. ಸದ್ದು ಎಂಥದ್ದಿತ್ತೆಂದರೆ, ತಾಳಲಾರದೆ ನೆರೆಹೊರೆಯವರೇ ಚಂದಾ ಎತ್ತಿ ಹನ್ನೆರಡೂವರೆ ಡಾಲರಿಗೆ ನಿಜವಾದ ಹಳೆಯ ತುತ್ತೂರಿಯೊಂದನ್ನು ಕೊಡಿಸಿದರು. ಈ ಕಥೆಯನ್ನು ಟೆರಿ ಬದುಕಿನುದ್ದಕ್ಕೂ ಹೇಳಿಕೊಂಡು ನಕ್ಕ. ತುತ್ತೂರಿ ಅಂದರೆ ನಮಗೆ ರಾಜರತ್ನಂ ಅವರ ಮಕ್ಕಳ ಪದ್ಯದ್ದು. ಅದು ನೀರಿಗೆ ಬಿದ್ದು ಹಾಳಾಯಿತು. ಇವನದು ನೀರಿನ ಪೈಪಿನಿಂದಲೇ ಎದ್ದು ಬಂತು.

ಆ ಊರಿಗೆ ತುತ್ತೂರಿಯದೇ ಒಂದು ಪರಂಪರೆ ಇತ್ತು. ಮಿಸಿಸಿಪ್ಪಿ ನದಿಯಲ್ಲಿ ಓಡಾಡುತ್ತಿದ್ದ ವಿಹಾರದ ಹಡಗುಗಳಲ್ಲಿ ವಾದ್ಯಮೇಳಗಳಿರುತ್ತಿದ್ದವು. ಡ್ಯೂಯಿ ಜಾಕ್ಸನ್‌ನಂಥವರು ಅಲ್ಲಿ ಹೆಸರು ಮಾಡಿದ್ದರು. ನಯವಾದ, ದುಂಡಗಿನ, ಮಾತಾಡಿದಂತೆ ಸ್ಪಷ್ಟವಾದ ನಾದ ಸೇಂಟ್ ಲೂಯಿಸ್ ತುತ್ತೂರಿಗಾರರ ಗುರುತು. ಆದರೆ ಪರಂಪರೆ ಇದ್ದಮಾತ್ರಕ್ಕೆ ಕಲಿಸುವವರು ಇರುತ್ತಾರೆಂದಲ್ಲ. ಹುಡುಗ ಟೆರಿ ಒಬ್ಬ ಹಿರಿಯ ವಾದಕನ ಹತ್ತಿರ ಹೋಗಿ, ಕೆಳಗಿನ ಸ್ವರಗಳನ್ನು ಚೆನ್ನಾಗಿ ನುಡಿಸುವುದು ಹೇಗೆ ಎಂದು ಕೇಳಿದ. ಆ ಪುಣ್ಯಾತ್ಮ, ಮನೆಗೆ ಹೋಗಿ ಕನ್ನಡಿಯ ಮುಂದೆ ಕೂತು ಹಲ್ಲು ಕಚ್ಚಿ ಎಡಗಿವಿ ಅಲ್ಲಾಡಿಸು ಎಂದು ಉಪದೇಶ ಮಾಡಿದ. ಹುಡುಗ ಶ್ರದ್ಧೆಯಿಂದ ಹಾಗೇ ಮಾಡಿದ. ಅನ್ನಕ್ಕೆ ಪೈಪೋಟಿ ಹೆಚ್ಚೀತೆಂಬ ಭಯಕ್ಕೆ ಹಿರಿಯರು ಹೀಗೆ ದಾರಿ ತಪ್ಪಿಸುತ್ತಿದ್ದರೆಂಬುದು ಅವನಿಗೆ ಆಮೇಲೆ ತಿಳಿಯಿತು. ಮುಂದೆ ತನಗೆ ಏನಾದರೂ ಬಂದರೆ ಕೇಳಿದವರಿಗೆಲ್ಲ ಹೇಳಿಕೊಡಬೇಕೆಂದು ಅವನು ನಿಶ್ಚಯಿಸಿದ್ದು ಆಗಲೇ. ವಿದ್ಯೆಯನ್ನು ಬಚ್ಚಿಟ್ಟುಕೊಂಡ ಗುರುಗಳ ಕಥೆಗಳು ನಮ್ಮ ಸಂಗೀತದಲ್ಲೂ ಬೇಕಾದಷ್ಟಿವೆ. ಆ ಕಥೆಗಳಲ್ಲಿ ಶಿಷ್ಯ ಸಾಮಾನ್ಯವಾಗಿ ಗೋಡೆಯಾಚೆ ನಿಂತು ಕದ್ದು ಕಲಿಯುತ್ತಾನೆ. ಕಿವಿ ಅಲ್ಲಾಡಿಸಿದವನ ಕಥೆ ನಾನು ಕೇಳಿದ್ದು ಇದೊಂದೇ.

ಎರಡನೇ ಮಹಾಯುದ್ಧ ಬಂತು. 1942ರಿಂದ 45ರವರೆಗೆ ಟೆರಿ ಶಿಕಾಗೋದ ಉತ್ತರಕ್ಕಿರುವ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದ ವಾದ್ಯಮೇಳದಲ್ಲಿದ್ದ. ಕರಿಯರಿಗೆ ಅಲ್ಲಿ ಪ್ರತ್ಯೇಕ ಬಿಡಾರ. ಸಾಧನೆಗೆ ಮಾತ್ರ ಬೇಕಾದಷ್ಟು ಸಮಯ. ತುತ್ತೂರಿಯ ಅಭ್ಯಾಸ ಪುಸ್ತಕ ಸಾಲದೆಂದು ಅವನು ಕ್ಲಾರಿನೆಟ್ಟಿನ ಅಭ್ಯಾಸ ಪುಸ್ತಕವನ್ನು ಹಿಡಿದ. ಕ್ಲಾರಿನೆಟ್ಟಿಗೆ ಮೈತುಂಬ ಕೀಲಿಗಳು. ಬೆರಳುಗಳು ಅದರ ಮೇಲೆ ಸರಾಗ ಹರಿದಾಡುತ್ತವೆ. ತುತ್ತೂರಿಗೆ ಇರುವುದು ಮೂರೇ ಗುಂಡಿ. ಉಳಿದದ್ದನ್ನೆಲ್ಲ ತುಟಿ, ಉಸಿರು, ನಾಲಿಗೆ ಮಾಡಬೇಕು. ಕ್ಲಾರಿನೆಟ್ಟಿಗೆಂದು ಬರೆದ ಸ್ವರಗಳ ಓಟವನ್ನು ಮೂರು ಗುಂಡಿಯಲ್ಲಿ ಓಡಿಸಲು ಹೋದವನ ನಾಲಿಗೆ ಬೇರೆ ದಾರಿ ಹುಡುಕಿಕೊಳ್ಳಲೇಬೇಕಾಯಿತು.

ಆ ದಾರಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತುತ್ತೂರಿ ಊದುವವರು ಸಾಮಾನ್ಯವಾಗಿ ಸ್ವರವನ್ನು ನಾಲಿಗೆಯಿಂದ ಶುರುಮಾಡುತ್ತಾರೆ. ಬಾಯೊಳಗೆ ‘ತು’ ಅಂದಂತೆ. ಸೈನ್ಯದ ಕಹಳೆ ಕೇಳಿ, ಬರೀ ‘ತು’ಗಳೇ: ಚೂಪು, ಬಿಗಿ, ನೆಟ್ಟಗೆ. ವೇಗ ಬೇಕಾದರೆ ‘ತುಕು ತುಕು’. ಟೆರಿಯ ನಾಲಿಗೆ ಹೇಳುತ್ತಿದ್ದದ್ದು ‘ಡೂಡ್ಲ್’. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ: ಡೂಡ್ಲ್, ಡೂಡ್ಲ್, ಡೂಡ್ಲ್. ‘ಡೂ’ನಲ್ಲಿ ನಾಲಿಗೆ ಮೆಲ್ಲಗೆ ತಾಕಿ ಬಿಡುತ್ತದೆ, ‘ಡ್ಲ್’ನಲ್ಲಿ ತುದಿ ಮೇಲೇ ಅಂಟಿಕೊಂಡು, ಗಾಳಿ ನಾಲಿಗೆಯ ಎರಡೂ ಮಗ್ಗುಲಿಂದ ಜಾರುತ್ತದೆ. ಮೊದಲನೆಯ ಸ್ವರ ತೆರೆದುಕೊಳ್ಳುತ್ತದೆ, ಎರಡನೆಯದು ಅರ್ಧ ಮುಚ್ಚಿಕೊಳ್ಳುತ್ತದೆ. ಸಾಲಾಗಿ ನುಡಿಸಿದಾಗ ಎಲ್ಲ ಸ್ವರಗಳೂ ಒಂದೇ ತೂಕವಾಗದೆ, ಒಂದು ಎದ್ದು ಒಂದು ಬಿದ್ದು, ಮಾತಿನಲ್ಲಿ ಅಕ್ಷರಗಳು ನುಂಗಿಹೋದಂತೆ ಕೇಳಿಸುತ್ತದೆ. ನಾವು ‘ಹೋಗುತ್ತೇನೆ’ ಎಂದು ಬರೆದು ‘ಹೋಗ್ತೀನಿ’ ಅನ್ನುತ್ತೇವಲ್ಲ, ಹಾಗೆ. ಜಾಝಿನ ಸ್ವಿಂಗ್ ಎಂಬ ತೂಗುವಿಕೆಯ ಬಹುಪಾಲು ಈ ನುಂಗುವಿಕೆಯಲ್ಲೇ ಇದೆ. ಸ್ವರಲಿಪಿಯಲ್ಲಿ ಅದನ್ನು ಬರೆಯಲು ಬರುವುದಿಲ್ಲ. ಅದಕ್ಕೇ ಟೆರಿ ಶಿಷ್ಯರಿಗೆ ಕಾಗದ ತೋರಿಸುವ ಮೊದಲು ಹಾಡಿ ತೋರಿಸುತ್ತಿದ್ದ. ಬಾಯಲ್ಲಿ ಬಂದದ್ದು ಆಮೇಲೆ ಕೊಳವೆಗೆ ಬರುತ್ತದೆ. ಮೃದಂಗ ಕಲಿತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತಕಿಟ ತಕದಿಮಿ ಬಾಯಿಗೆ ಬಾರದೆ ಕೈಗೆ ಬಂದದ್ದುಂಟೇ?

1948ರಲ್ಲಿ ಕೌಂಟ್ ಬೇಸಿಯ ಮೇಳ, 1951ರಲ್ಲಿ ಡ್ಯೂಕ್ ಎಲಿಂಗ್ಟನ್‌ನ ಮೇಳ. ಬೇಸಿ ಕಲಿಸಿದ್ದು ಸುಮ್ಮನಿರುವುದನ್ನು. ಬೇಸಿ ಪಿಯಾನೊದಲ್ಲಿ ಎರಡು ಸ್ವರ ನುಡಿಸಿ ನಾಲ್ಕರಷ್ಟು ಜಾಗ ಬಿಡುತ್ತಿದ್ದ. ಆ ಖಾಲಿಯೇ ಕುಣಿಯುತ್ತಿತ್ತು. ಎಲಿಂಗ್ಟನ್ ಟೆರಿಯನ್ನು ಸೆಳೆದ ಬಗೆ ಒಂದು ನಾಟಕದ ಪ್ರಸಂಗದಂತಿದೆ. ಹುಷಾರಿಲ್ಲವೆಂದು ಹೇಳಿ ಬೇಸಿಯನ್ನು ಬಿಟ್ಟು ಊರಿಗೆ ಹೋಗು, ನನ್ನ ಮೇಳ ಆ ಊರಿಗೆ ಬಂದಾಗ ಆಕಸ್ಮಿಕವೆಂಬಂತೆ ಸೇರಿಕೋ ಎಂದು ಡ್ಯೂಕನೇ ಉಪಾಯ ಹೇಳಿಕೊಟ್ಟ. ಟೆರಿ ಕಾಯಿಲೆಯ ನೆಪ ಹೇಳಿ ಹೊರಟ. ಆಗತಾನೆ ಏರಿಸಿದ್ದ ಅವನ ಸಂಬಳವನ್ನು ಬೇಸಿ ಇಳಿಸಿ ಕಳಿಸಿದ. ಎಷ್ಟೋ ವರ್ಷಗಳ ನಂತರ ಪಾಪಪ್ರಜ್ಞೆ ತಡೆಯಲಾರದೆ ಟೆರಿ ತಪ್ಪೊಪ್ಪಿಕೊಂಡಾಗ, ಸಂಬಳ ಇಳಿಸಿದ್ದು ಮತ್ತೇಕೆ ಅಂದುಕೊಂಡೆ ಎಂದು ಬೇಸಿ ತಿರುಗಿ ಕೇಳಿದನಂತೆ. ಅವನಿಗೆ ಮೊದಲ ದಿನವೇ ಎಲ್ಲ ಗೊತ್ತಿತ್ತು.

ಎಲಿಂಗ್ಟನ್ನನ ಮೇಳದಲ್ಲಿ ಟೆರಿ ಎಂಟು ವರ್ಷ ಇದ್ದ. ಅದನ್ನು ತನ್ನ ವಿಶ್ವವಿದ್ಯಾಲಯ ಎಂದೇ ಕರೆಯುತ್ತಿದ್ದ. ಆ ಮೇಳಕ್ಕೆ ಮೊದಲಿನಿಂದಲೂ ಮಾತಾಡುವ ತುತ್ತೂರಿಯ ಸಂಪ್ರದಾಯವಿತ್ತು. ಬಬ್ಬರ್ ಮೈಲಿ, ಕೂಟಿ ವಿಲಿಯಮ್ಸ್ ಮುಂತಾದವರು ತುತ್ತೂರಿಯ ಬಾಯಿಗೆ ರಬ್ಬರಿನ ಬಟ್ಟಲು ಮುಚ್ಚಿ ತೆರೆದು ಗುರುಗುಟ್ಟಿಸುತ್ತಿದ್ದರು, ಅಳಿಸುತ್ತಿದ್ದರು. ಟೆರಿ ಆ ಮಾತನ್ನು ಬೇರೆ ಬಗೆಯಲ್ಲಿ ಆಡಿಸಿದ. ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ 1957ರಲ್ಲಿ ಶೇಕ್ಸ್‌ಪಿಯರ್‌ನ ಪಾತ್ರಗಳ ಮೇಲೆ ‘ಸಚ್ ಸ್ವೀಟ್ ಥಂಡರ್’ ಎಂಬ ಮಾಲಿಕೆ ಕಟ್ಟಿದರು. ಅದರಲ್ಲಿ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ್ದೊಂದು ಭಾಗವಿದೆ. ಕಾಡಿನಲ್ಲಿ ದಾರಿ ತಪ್ಪಿದ ಪ್ರೇಮಿಗಳು ಜೋಡಿ ಜೋಡಿ ವಾದ್ಯಗಳಾಗಿ ಬರುತ್ತಾರೆ: ಕ್ಲಾರಿನೆಟ್ಟು, ಪಿಟೀಲು, ಸ್ಯಾಕ್ಸೊಫೋನುಗಳು, ಟ್ರಾಂಬೋನು. ಅವರು ಅಡ್ಡಾದಿಡ್ಡಿ ತಿರುಗುತ್ತಿದ್ದರೆ ಮೇಲೆ ಮರದ ಕೊಂಬೆಯಲ್ಲಿ ಕೂತಂತೆ ಒಬ್ಬ ನೋಡಿ ಕಿಸಕ್ಕನೆ ನಗುತ್ತಾನೆ. ಆ ತರಲೆ ಯಕ್ಷ ಪಕ್ ಬೇರೆ ಯಾರೂ ಅಲ್ಲ, ಟೆರಿ.

ಅವನು ಗುಂಡಿಗಳನ್ನು ಪೂರಾ ಒತ್ತುವುದಿಲ್ಲ. ಅರ್ಧ ಒತ್ತಿ ಹಿಡಿಯುತ್ತಾನೆ. ಆಗ ಗಾಳಿ ಎರಡೂ ದಾರಿಯಲ್ಲಿ ನುಗ್ಗಲು ನೋಡಿ, ಸ್ವರ ಸ್ವರವಾಗದೆ ಮೂಗಿನಲ್ಲಿ ಮಾತಾಡಿದ ದನಿಯಾಗುತ್ತದೆ; ಒಂದು ಮನೆಯಿಂದ ಇನ್ನೊಂದಕ್ಕೆ ಜಾರುತ್ತದೆ. ನಡುನಡುವೆ ಬಂದು ಕೀಟಲೆ ಮಾಡಿ ಮಾಯವಾಗುವ ಈ ದನಿ ಕೊನೆಗೆ ಒಂಟಿಯಾಗಿ ನಿಂತು ಒಂದು ವಾಕ್ಯ ನುಡಿಯುತ್ತದೆ. ಮನುಷ್ಯರ ಹುಚ್ಚಾಟ ಕಂಡು ಪಕ್ ನಾಟಕದಲ್ಲಿ ಆಡುವ ಪ್ರಸಿದ್ಧ ಮಾತು ಅದು. ಇಂಗ್ಲಿಷ್ ಬಲ್ಲವರಿಗೆ ಒಂದೊಂದು ಅಕ್ಷರವೂ ಬಿಡಿಸಿ ಕೇಳಿಸುತ್ತದೆ. ಬಾರದವರಿಗೂ ಯಾರೋ ತಮ್ಮನ್ನು ನೋಡಿ ಗೇಲಿ ಮಾಡಿದ್ದು ಗೊತ್ತಾಗುತ್ತದೆ. ನಾನು ಅದನ್ನು ಮೊದಲ ಸಲ ಕೇಳಿದಾಗ ತಿರುಗಿ ನೋಡಿದ್ದೆ, ಕೋಣೆಯಲ್ಲಿ ಯಾರಾದರೂ ಇದ್ದಾರೇನೋ ಎಂದು. ಹಿತ್ತಾಳೆಯ ಕೊಳವೆಯೊಂದು ಇಷ್ಟು ತುಂಟತನ ಕಲಿತ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ತುಂಟತನದ ಜೊತೆಗೆ ಅವನಲ್ಲಿ ಒಂದು ಮೆತ್ತನೆಯ ದನಿಯೂ ಇತ್ತು. ಅದಕ್ಕಾಗಿ ಅವನು ಹಿಡಿದದ್ದು ಫ್ಲೂಗಲ್‌ಹಾರ್ನ್. ನೋಡಲು ಕೊಬ್ಬಿದ ತುತ್ತೂರಿ. ತುತ್ತೂರಿಯ ಕೊಳವೆ ಬಹುದೂರದವರೆಗೆ ಒಂದೇ ಅಳತೆಯಲ್ಲಿ ಸಾಗಿ ಕೊನೆಗೆ ಅರಳಿದರೆ, ಇದರದ್ದು ಮೊದಲಿನಿಂದಲೇ ಹಿಗ್ಗುತ್ತ ಹೋಗುತ್ತದೆ; ಬಾಯಿಗಿಡುವ ಬಟ್ಟಲೂ ಹೆಚ್ಚು ಆಳ. ಅದರಿಂದ ನಾದದ ಅಂಚು ಸವೆದು ಒಳಗೆ ತಿರುಳು ತುಂಬುತ್ತದೆ. ತುತ್ತೂರಿ ಕಂಚಾದರೆ ಇದು ಬೆಲ್ಲ. ಇದನ್ನು ಜಾಝಿನಲ್ಲಿ ನುಡಿಸಿದವರು ಬೇರೆಯವರೂ ಇದ್ದರು. ಆದರೆ 1950ರ ದಶಕದ ಕೊನೆಯಿಂದ ಅದಕ್ಕೆ ಮನೆಮಾತಿನ ಸಲಿಗೆ ತಂದವನು ಟೆರಿ. 1958ರ ‘ಇನ್ ಆರ್ಬಿಟ್’ ಕೇಳಬೇಕು. ಪಿಯಾನೊ ಮುಂದೆ ಕೂತವನು ಥೆಲೋನಿಯಸ್ ಮಂಕ್. ಬೇರೊಬ್ಬರ ಮುದ್ರಿಕೆಗೆ ಪಕ್ಕವಾದ್ಯಕ್ಕೆ ಕೂರುವವನಲ್ಲ ಮಂಕ್. ಇಲ್ಲಿ ಕೂತಿದ್ದಾನೆ, ಅದೂ ಬಹಳ ಖುಷಿಯಲ್ಲಿ. ಮಂಕ್‌ನ ಸ್ವರಗಳು ಮೂಲೆ ಮೂಲೆಯಾಗಿ, ಕಲ್ಲು ಹಾಸಿನಂತೆ ಬೀಳುತ್ತವೆ. ಅವುಗಳ ಮೇಲೆ ಟೆರಿಯ ಫ್ಲೂಗಲ್‌ಹಾರ್ನ್ ಬರಿಗಾಲಲ್ಲಿ ನಡೆದುಹೋಗುತ್ತದೆ. ಎಲ್ಲೂ ಎಡವುವುದಿಲ್ಲ, ಓಡುವುದೂ ಇಲ್ಲ. ಇಬ್ಬರ ಹಾಸ್ಯವೂ ಬೇರೆ ಬೇರೆ. ಮಂಕ್ ನಗಿಸಿ ತಾನು ನಗದವನು, ಟೆರಿ ನಗಿಸುವ ಮೊದಲೇ ನಕ್ಕುಬಿಡುವವನು. ಅಲ್ಲಿರುವ ಮಂಕ್‌ನದೇ ‘ಲೆಟ್ಸ್ ಕೂಲ್ ಒನ್’ ಈ ಕೂಡಾಟಕ್ಕೆ ಒಳ್ಳೆಯ ಸಾಕ್ಷಿ.

ಇನ್ನೂ ಒಂದು ಆಟ ಅವನಲ್ಲಿತ್ತು. ಒಂದು ಕೈಯಲ್ಲಿ ತುತ್ತೂರಿ, ಇನ್ನೊಂದರಲ್ಲಿ ಫ್ಲೂಗಲ್‌ಹಾರ್ನ್ ಹಿಡಿದು, ನಾಲ್ಕು ಆವರ್ತ ಅದರಲ್ಲಿ, ನಾಲ್ಕು ಇದರಲ್ಲಿ, ತನ್ನೊಡನೆ ತಾನೇ ಸವಾಲ್–ಜವಾಬ್ ನಡೆಸುತ್ತಿದ್ದ. ಬಲಗೈಯವನು ಜಗಳಗಂಟ, ಎಡಗೈಯವನು ಸಮಾಧಾನಿ. ಕೆನ್ನೆಯಲ್ಲಿ ಗಾಳಿ ಕೂಡಿಟ್ಟು ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತ ಎಡೆಬಿಡದೆ ಊದುವುದನ್ನೂ ಕರಗತ ಮಾಡಿಕೊಂಡಿದ್ದ. ಹಾವಾಡಿಗರ ಪುಂಗಿಯ ವಿದ್ಯೆ ಅದೇ. ಇಂಥವೆಲ್ಲ ಸರ್ಕಸ್ಸಾಗಲು ಹೆಚ್ಚು ಹೊತ್ತು ಬೇಡ. ಕೆಲವು ಕಚೇರಿಗಳಲ್ಲಿ ಸರ್ಕಸ್ಸೇ ಆಗಿದೆ ಎಂದು ನನಗೆ ಅನ್ನಿಸಿದ್ದುಂಟು. ‘ಮಂಬಲ್ಸ್’ ಅನ್ನೂ ಜನ ಕೇಳಿದಾಗಲೆಲ್ಲ ಹಾಡಿ ಹಾಡಿ ಸವೆಸಿದ. ಮೆಚ್ಚಿದವನ ದೋಷ ಮುಚ್ಚಿಡುವುದು ರಸಿಕತನವಲ್ಲ, ಆದ್ದರಿಂದ ಹೇಳಿದೆ.

1960ರಲ್ಲಿ ಎನ್‌ಬಿಸಿ ದೂರದರ್ಶನ ಜಾಲ ಅವನನ್ನು ಕಾಯಂ ವಾದಕನಾಗಿ ತೆಗೆದುಕೊಂಡಿತು. ಆ ಸಂಸ್ಥೆಯಲ್ಲಿ ಆ ಹುದ್ದೆ ಪಡೆದ ಮೊದಲ ಕರಿಯ ಅವನೇ. ‘ಟುನೈಟ್ ಶೋ’ದ ಮೇಳದಲ್ಲಿ ಸುಮಾರು ಹನ್ನೆರಡು ವರ್ಷ ಊದಿದ. ಪ್ರೇಕ್ಷಕರು ಯಾವುದೋ ಕೇಳರಿಯದ ಹಾಡಿನ ಹೆಸರು ಹೇಳಿ ಮೇಳವನ್ನು ಸೋಲಿಸುವ ಆಟವೊಂದು ಆ ಕಾರ್ಯಕ್ರಮದಲ್ಲಿತ್ತು. ಟೆರಿ ಗೊತ್ತು ಗೊತ್ತು ಎಂದು ಎದ್ದು ನಿಂತು ತನ್ನ ಗೊಣಗಾಟ ಶುರುಮಾಡುತ್ತಿದ್ದ. 1972ರಲ್ಲಿ ಕಾರ್ಯಕ್ರಮ ಕ್ಯಾಲಿಫೋರ್ನಿಯಾಕ್ಕೆ ಹೋಯಿತು, ಅವನು ನ್ಯೂಯಾರ್ಕ್‌ನಲ್ಲೇ ಉಳಿದ.

ಇನ್ನು ಕಲಿಸಿದ್ದರ ಮಾತು. ಶಿಷ್ಯರ ಪಟ್ಟಿಯಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಮೈಲ್ಸ್ ಡೇವಿಸ್. ನದಿಯಾಚೆ ಈಸ್ಟ್ ಸೇಂಟ್ ಲೂಯಿಸ್‌ನ ಹುಡುಗ, ಟೆರಿಗಿಂತ ಸುಮಾರು ಐದೂವರೆ ವರ್ಷ ಚಿಕ್ಕವನು. ಮೊದಲ ಸಲ ಕಾರ್ಬಂಡೇಲ್ ಎಂಬ ಊರಿನ ಒಂದು ಉತ್ಸವದ ದಿನ ಬಂದು ತುತ್ತೂರಿಯ ಬಗ್ಗೆ ಏನೋ ಕೇಳಿದಾಗ ಟೆರಿ ಅವನನ್ನು ಕಡೆಗಣ್ಣಲ್ಲೂ ನೋಡಲಿಲ್ಲ. ಟೆರಿಯ ಕಣ್ಣು ಹುಡುಗಿಯರ ಮೇಲಿತ್ತು. ಆಮೇಲೆ ಒಂದು ರಾತ್ರಿ ಮಹಡಿಯ ಮೇಲಿಂದ ಕೇಳಿಬಂದ ತುತ್ತೂರಿಗೆ ಬೆರಗಾಗಿ ಮೆಟ್ಟಿಲೇರಿ ಓಡಿದರೆ, ಊದುತ್ತಿದ್ದವನು ಅದೇ ಸಣಕಲು ಹುಡುಗ. ಕಿವಿ ಅಲ್ಲಾಡಿಸಿ ಬಂದವನೇ ಇನ್ನೊಬ್ಬನನ್ನು ಹೀಗೆ ತಳ್ಳಿದ್ದ ಎಂಬುದು ನನಗೆ ಈ ಕಥೆಯಲ್ಲಿ ಇಷ್ಟವಾದ ಸಂಗತಿ. ನಿಶ್ಚಯ ಮಾಡಿದೊಡನೆ ಯಾರೂ ಗುರುವಾಗುವುದಿಲ್ಲ. ಟೆರಿಯೂ ಎಡವಿಯೇ ಕಲಿತ.

ಕ್ವಿನ್ಸಿ ಜೋನ್ಸ್ ಬಂದಾಗ ಅವನು ಆ ತಪ್ಪು ಮಾಡಲಿಲ್ಲ. ಬೇಸಿಯ ಮೇಳ ಸಿಯಾಟಲ್‌ನಲ್ಲಿ ಬೀಡುಬಿಟ್ಟಿದ್ದಾಗ ಒಬ್ಬ ಶಾಲಾ ಹುಡುಗ ಪಾಠ ಕೇಳಿದ. ಮೇಳದವರು ಮಲಗುವುದೇ ಬೆಳಗಿನ ಜಾವ. ಹುಡುಗನಿಗೆ ಬಿಡುವಿರುವುದು ಶಾಲೆಗೆ ಮುಂಚೆ. ರಾತ್ರಿಯೆಲ್ಲ ಊದಿ ಬಂದ ಟೆರಿ ನಿದ್ದೆಗಣ್ಣಿನಲ್ಲೇ ಎದ್ದು ಹುಡುಗನಿಗೆ ಪಾಠ ಹೇಳಿದ. 1959ರಲ್ಲಿ ಅದೇ ಹುಡುಗ ಸ್ವಂತ ಮೇಳ ಕಟ್ಟಿ ಯುರೋಪಿಗೆ ಹೊರಟಾಗ, ಟೆರಿ ಎಲಿಂಗ್ಟನ್ನನನ್ನೇ ಬಿಟ್ಟು ಶಿಷ್ಯನ ಮೇಳ ಸೇರಿದ. ಡ್ಯೂಕ್‌ನ ಮೇಳದಿಂದ ಎದ್ದು ಹಿಂದಿನ ದಿನದ ಪಾಠದ ಹುಡುಗನ ಕೈಕೆಳಗೆ ಕೂರುವುದು ಸಣ್ಣ ಮಾತಲ್ಲ.

ಮುಂದೆ ಹಾರ್ಲೆಮ್‌ನಲ್ಲಿ ಜಾಝ್‌ಮೊಬೈಲ್ ಸಂಸ್ಥೆಯ ಮಕ್ಕಳಿಗೆ, ಊರೂರಿನ ಶಾಲೆ ಕಾಲೇಜುಗಳ ಶಿಬಿರಗಳಿಗೆ, ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಕಲಿಸಿದ. ಅವನ ಪಾಠದ ಮೂರು ಮೆಟ್ಟಿಲು ಪ್ರಸಿದ್ಧ: ಮೊದಲು ಅನುಕರಿಸು, ಆಮೇಲೆ ಅರಗಿಸಿಕೋ, ಆಮೇಲೆ ಹೊಸದನ್ನು ಹುಟ್ಟಿಸು. ಮೊದಲ ಮೆಟ್ಟಿಲಿನ ಬಗ್ಗೆ ಅವನಿಗೆ ನಾಚಿಕೆ ಇರಲಿಲ್ಲ. ಮುದುಕರನ್ನು ಅಣಕಿಸುವುದರಿಂದಲೇ ‘ಮಂಬಲ್ಸ್’ ಹುಟ್ಟಿತಲ್ಲ.

2014ರಲ್ಲಿ ‘ಕೀಪ್ ಆನ್ ಕೀಪಿನ್ ಆನ್’ ಎಂಬ ಸಾಕ್ಷ್ಯಚಿತ್ರ ಬಂತು. ತೆಗೆದವನು ಅವನ ಶಿಷ್ಯನೇ, ಆಸ್ಟ್ರೇಲಿಯಾದ ಡ್ರಮ್ ವಾದಕ ಅಲನ್ ಹಿಕ್ಸ್. ಅದಕ್ಕೆ ಮೊದಲು ಸಿನಿಮಾ ಮಾಡಿ ಗೊತ್ತಿಲ್ಲದವನು. ಅರ್ಕನ್ಸಾದ ಪೈನ್ ಬ್ಲಫ್‌ನ ಮನೆಯಲ್ಲಿ ತೊಂಬತ್ತರ ಟೆರಿ ಹಾಸಿಗೆ ಹಿಡಿದಿದ್ದಾನೆ. ಮಧುಮೇಹ ಕಣ್ಣನ್ನು ತಿಂದಿದೆ, ಕಾಲುಗಳನ್ನು ಕೊಂಡೊಯ್ಯುತ್ತಿದೆ. ಹಾಸಿಗೆಯ ಪಕ್ಕದಲ್ಲಿ ಕೂತಿರುವ ಇಪ್ಪತ್ತರ ಹರೆಯದ ಜಸ್ಟಿನ್ ಕಾಫ್ಲಿನ್, ಪಿಯಾನೊ ವಾದಕ, ಹನ್ನೊಂದನೇ ವಯಸ್ಸಿಗೆ ಪೂರ್ತಿ ಕಣ್ಣು ಕಳೆದುಕೊಂಡವನು. ಅವನ ಕಾಲ ಬಳಿ ದಾರಿ ತೋರಿಸುವ ನಾಯಿ. ಸರಿರಾತ್ರಿ ದಾಟಿದೆ. ಟೆರಿಯ ಮೂಗಿಗೆ ಆಮ್ಲಜನಕದ ನಳಿಕೆ. ತುತ್ತೂರಿ ಎತ್ತುವ ಶಕ್ತಿ ಅವನಿಗಿಲ್ಲ, ಎತ್ತುವ ಅಗತ್ಯವೂ ಇಲ್ಲ. ಬಾಯಲ್ಲಿ ಡೂಡ್ಲ್ ಡೂಡ್ಲ್ ಎಂದು ಒಂದು ಸಾಲು ಹೇಳುತ್ತಾನೆ. ಹುಡುಗ ಹಾಗೇ ಒಪ್ಪಿಸುತ್ತಾನೆ. ಇನ್ನೊಮ್ಮೆ. ಒಂದು ಅಕ್ಷರ ಬೇರೆಡೆ ಬಿದ್ದರೆ ಮುದುಕ ನಿಲ್ಲಿಸಿ ಮತ್ತೆ ಹೇಳಿಸುತ್ತಾನೆ. ಇಬ್ಬರಿಗೂ ಕಾಗದ ಕಾಣುವುದಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಪಾಠ ನಡೆಯುತ್ತದೆ. ಸರಿಬಂದಾಗ ಮುದುಕ ನಗುವ ನಗು ಪಕ್‌ನದೇ.

ಚಿತ್ರದ ನಿರ್ಮಾಪಕರಲ್ಲಿ ಒಬ್ಬ ಕ್ವಿನ್ಸಿ ಜೋನ್ಸ್. ಗುರುವನ್ನು ನೋಡಲು ಆ ಮನೆಗೆ ಬಂದು, ಅಲ್ಲಿ ಜಸ್ಟಿನ್‌ನನ್ನು ಕೇಳಿ, ತನ್ನ ಪ್ರವಾಸಕ್ಕೆ ಕರೆದುಕೊಂಡು ಹೋದ. ಸಿಯಾಟಲ್‌ನ ಬೆಳಗಿನ ಪಾಠದ ಬಾಕಿ ಅವನು ತೀರಿಸಿದ್ದು ಹೀಗೆ.

2014ರ ಡಿಸೆಂಬರಿನಲ್ಲಿ ಟೆರಿಯ 94ನೇ ಹುಟ್ಟುಹಬ್ಬಕ್ಕೆ ವಿಂಟನ್ ಮಾರ್ಸಾಲಿಸ್ ತನ್ನ ಜಾಝ್ ಅಟ್ ಲಿಂಕನ್ ಸೆಂಟರ್ ಮೇಳವನ್ನು ಇಡಿಯಾಗಿ ಪೈನ್ ಬ್ಲಫ್‌ನ ಆಸ್ಪತ್ರೆಗೇ ಕರೆತಂದು ಅವನೆದುರು ನುಡಿಸಿದ. 2015ರ ಫೆಬ್ರುವರಿ 21ರಂದು ಟೆರಿ ತೀರಿಕೊಂಡ. 900ಕ್ಕೂ ಹೆಚ್ಚು ಮುದ್ರಿಕೆಗಳಲ್ಲಿ ಅವನ ಉಸಿರಿದೆ. ಅಷ್ಟನ್ನೂ ಕೇಳಲು ಯಾರಿಗೂ ಪುರಸೊತ್ತಿಲ್ಲ, ನನಗೂ ಇಲ್ಲ. ಮೂರನ್ನು ಹೇಳುತ್ತೇನೆ: ಪಕ್ ಮಾತಾಡುವ ಆ ಶೇಕ್ಸ್‌ಪಿಯರ್ ಭಾಗ, ‘ಇನ್ ಆರ್ಬಿಟ್’, ಪೀಟರ್ಸನ್ ತ್ರಯದ ಜೊತೆಗಿನ ಮುದ್ರಿಕೆ. ಮೊದಲೆರಡನ್ನು ಒಬ್ಬರೇ ಕೂತು ಕೇಳಿ. ‘ಮಂಬಲ್ಸ್’ ಮಾತ್ರ ಇಯರ್‌ಫೋನ್ ಕಿತ್ತಿಟ್ಟು, ಪಕ್ಕದಲ್ಲಿ ಯಾರಾದರೂ ಇರುವಾಗ ಹಾಕಿ.